ಕಳ್ಳಿಗೆ ಅರ್ಘ್ಯ

ಧಾರವಾಡ, ಮಾಳಮಡ್ಡಿ
ತಾ. 11-1-1938, ಮಂಗಳವಾರ

ಚಿರಂಜೀವಿ ಗೋದಾ,

ಹಾಂ, ಎಲ್ಲಿಗೆ ಬಂದಿತ್ತು ಮಾತು? ನಿನ್ನ ಕಳ್ಳಿಗಳು ಕೊಳೆಯುತ್ತಿವೆ, ಯಾಕೆಂದು ತಿಳಿಯುತ್ತಿಲ್ಲ ಎಂಬಲ್ಲಿಗೆ. ನಿನ್ನೆ ಅಷ್ಟು ಬರೆಯುವುದರೊಳಗೆ ಟಪಾಲು ಹೊರಡುವ ಹೊತ್ತಾಯಿತೆಂದು ಕಾಗದವನ್ನು ಅರ್ಧಕ್ಕೇ ಮಡಚಿ ಡಬ್ಬಿಗೆ ಹಾಕಿಬಂದೆ. ಈಗ ಕಾರಣ ತಿಳಿದಿದೆ. ಇಷ್ಟು ಹಲಕಾ ಕಾರಣಕ್ಕೆ ಒಂದು ಗಿಡ ಸಾಯಬಹುದೆಂದು ನಾನು ಎಣಿಸಿರಲಿಲ್ಲ. ಇರಲಿ, ಮೊದಲು ನಿನ್ನ ಪ್ರಕೃತಿ ಹೇಗಿದೆ ಹೇಳು. ಕೆಮ್ಮು ನಿಂತಿತೋ ಇಲ್ಲವೋ? ಆ ಹಾಸ್ಟೆಲಿನವರು ಬೆಲ್ಲ ಸುರಿದ ಬೇಳೆಸಾರನ್ನೇ ಆಮಟಿ ಎಂದು ಇನ್ನೂ ಬಡಿಸುತ್ತಾರೆಯೇ? ಅದನ್ನು ಉಂಡು ಪುಣೆಯ ಮಂದಿ ಇಷ್ಟು ಬುದ್ಧಿವಂತರು ಹೇಗಾದರೋ ನನಗೆ ಬಗೆಹರಿಯದ ಪ್ರಶ್ನೆ. ಚಟ್ನಿಪುಡಿ ಮುಗಿದಿದ್ದರೆ ಬರೆ. ರಾತ್ರಿ ಓದುವಾಗ ಕಿವಿಗೆ ಬಟ್ಟೆ ಸುತ್ತಿಕೋ, ಗೆಳತಿಯರು ನಕ್ಕರೆ ನಗಲಿ; ನಗುವವರ ಕಿವಿಯೂ ಒಂದು ದಿನ ನೋಯುತ್ತದೆ.

ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತೇನೆ, ಕೇಳಿಕೋ. ಹೆಂಡತಿ ಹೋದ ಗಂಡಸಿಗೆ, ಈ ಮಾತು ಆಗಲೇ ಹೇಳಿದಿರಿ ಎಂದು ತಡೆಯುವವರು ಇರುವುದಿಲ್ಲ. ದೀಪಾವಳಿಯ ರಜೆಗೆ ಬಂದಾಗ ನೀನು ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಈ ಕುಂಡಗಳನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮಂದಿಯ ಹೆಣ್ಣುಮಕ್ಕಳು ಪುಣೆಯಿಂದ ಸೀರೆ ತರುತ್ತಾರೆ, ನೀನು ಕಳ್ಳಿ ತಂದೆ. ಹಾಸ್ಟೆಲಿನ ಮೇಲ್ವಿಚಾರಕಿ ಬಾಯಿಯವರು ಕಿಟಕಿಯಲ್ಲಿ ಕುಂಡ ಇಡಗೊಡುವುದಿಲ್ಲವಂತೆ, ಚಳಿಗಾಲ ದಾಟಿಸಿಕೊಡಿರಿ ಅಪ್ಪಾ ಎಂದೆ. ಅವನ್ನು ಗಿಡಗಳೆಂದು ಕರೆಯುವುದಕ್ಕೆ ನನಗೆ ಇನ್ನೂ ಬಾಯಿ ಬರುವುದಿಲ್ಲ. ಒಂದು, ಸೂಜಿ ಚುಚ್ಚಿಟ್ಟ ಬದನೆಕಾಯಿಯಂತಿದೆ. ಒಂದಕ್ಕೆ ಮೈಯೆಲ್ಲ ಬಿಳಿಕೂದಲು, ಪಿಂಚಣಿಗಾಗಿ ಖಜಾನೆಯ ಮೆಟ್ಟಿಲ ಮೇಲೆ ಕಾಯುವ ಮುದುಕನಂತೆ. ಮತ್ತೊಂದು ನಮ್ಮ ಲೋಳಸರವೇ. ಇಂಗ್ಲಿಷ್ ಹೆಸರಿಟ್ಟುಕೊಂಡು ಮೈಮೇಲೆ ಚುಕ್ಕೆ ಹೊಡೆಸಿಕೊಂಡಿದೆ, ಅಷ್ಟೇ. ಕಲ್ಲಿನಲ್ಲಿ ಕಡೆದ ತಾವರೆಯ ಹಾಗೆ ದಪ್ಪ ಎಲೆ ಸುತ್ತಿಕೊಂಡು ಕೂತಿದೆಯಲ್ಲ, ಅದೊಂದನ್ನು ನೋಡಬಹುದು, ಅದೂ ಬೆಳಗಿನ ಬಿಸಿಲಿನಲ್ಲಿ, ಬೇರೆ ಕೆಲಸ ಇಲ್ಲದಿದ್ದರೆ. ಹೂವಿಲ್ಲ, ಹಣ್ಣಿಲ್ಲ, ನೆರಳಿಲ್ಲ, ದೇವರಿಗೆ ಏರುವುದಿಲ್ಲ, ದನ ಮೂಸುವುದಿಲ್ಲ. ಅಮ್ಮಿನಬಾವಿಯ ರೈತರು ಹೊಲದ ಬೇಲಿಗೆ ಹಚ್ಚುವ ಪದಾರ್ಥವನ್ನು ಪಡಸಾಲೆಯಲ್ಲಿ ಕೂಡಿಸಿ, ಅದಕ್ಕೆ ಥಂಡಿ ಹತ್ತೀತೆಂದು ಒಬ್ಬ ಗಂಡಸು ಚಿಂತೆ ಮಾಡಬೇಕು! ಕಸ ನೀರು ನೋಡುವ ಸಾವಕ್ಕ ಮೊದಲ ದಿನವೇ ಕೊಡ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದೇನ್ರೀ ಧಣ್ಯಾರ, ಊರ ಹೊರಗಿನ ಕಳ್ಳಿ ತಂದು ಒಳಗ ಕುಂದ್ರಸೀರಿ? ನಾಳಿ ಒಂದು ಕತ್ತೀನೂ ತಂದು ಕಟ್ರಿ, ಜೋಡಿ ಛಲೋ ಆಕ್ಕೈತಿ" ಎಂದಳು. ಕತ್ತೆ ಬರುವುದು ಇನ್ನೂ ತಡವಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಷ್ಟಾದರೂ ನೀನು ಹೇಳಿದ್ದನ್ನೆಲ್ಲ ಮಾಡಿದೆ. ದಕ್ಷಿಣದ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಕತ್ತಲಾದೊಡನೆ ಕಿಟಕಿ ಮುಚ್ಚಿ ಗೋಣಿತಾಟು ಇಳಿಬಿಟ್ಟೆ, ಇಬ್ಬನಿ ತಾಕಬಾರದೆಂದು. ಬೆಳಕಿನ ಕಡೆಗೇ ಕತ್ತು ಚಾಚಿ ಸೊಟ್ಟಗಾಗುತ್ತವೆಂದು ಆಗಾಗ ತುಸು ತಿರುಗಿಸಿಟ್ಟೆ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರನ್ನು ತಿರುಗಿಸಿ ಕೂಡಿಸಿದಂತೆ. ಮಣ್ಣು ಬದಲಿಸಬೇಕಾದವಕ್ಕೆ ನಮ್ಮ ಮಡ್ಡಿಯ ಕೆಂಪು ಮಣ್ಣು, ಹಳ್ಳದ ಉಸುಕು, ಹಂಚಿನ ಚೂರು, ಇದ್ದಲಿ ಕೂಡಿಸಿ ಹಾಕಿದೆ. ಎರೆಮಣ್ಣು ಒಂದು ಹಿಡಿಯನ್ನೂ ಸೇರಿಸಲಿಲ್ಲ. ಅದು ನೀರು ಹಿಡಿದುಕೊಂಡಿತೆಂದರೆ ಅಡತಿ ವ್ಯಾಪಾರಿ ರೊಕ್ಕ ಹಿಡಿದಂತೆ, ಬಿಡುವ ಮಾತಿಲ್ಲ. ನೀರಂತೂ ಎಲೆ ತುಸು ಸುಕ್ಕುಗಟ್ಟಿದಾಗ ಮಾತ್ರ. ಅದೂ ಮಧ್ಯಾಹ್ನದ ಬಿಸಿಲು ಬಿದ್ದ ಮೇಲೆ, ಎಲೆಗೆ ಸೋಕದಂತೆ ಬುಡಕ್ಕೆ, ಬಚ್ಚಲೊಲೆಯ ಪಕ್ಕದಲ್ಲಿಟ್ಟು ಚಳಿ ಬಿಡಿಸಿದ ನೀರು. ಬೆರಳನ್ನು ಮಣ್ಣಿನಲ್ಲಿ ಊರಿ ನೋಡುವುದು, ತಂಪಿದ್ದರೆ ಬಿಟ್ಟುಬಿಡುವುದು. ನನ್ನ ಹೊಟ್ಟೆಯ ಬಗ್ಗೆ ಯಾರೂ ಇಷ್ಟು ವಿಚಾರಿಸಿಲ್ಲ.

ನೀನು ಬಿಟ್ಟುಹೋದ ಆ ಇಂಗ್ಲಿಷ್ ಪುಸ್ತಕ ಬೇರೆ. ಅದನ್ನು ಬರೆದ ವಿಲಾಯತಿಯ ಹೆಂಗಸಿಗೆ ಜಗತ್ತೆಲ್ಲ ತನ್ನ ಮನೆಯಂತೆಯೇ ಇದೆ ಎಂಬ ನಂಬಿಕೆ. ಕುಂಡಗಳನ್ನು ಮನೆ ಕಾಯಿಸುವ ಕೊಳವೆಗಳಿಂದ ದೂರವಿಡಿ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಒಲೆ ಊದುವ ಕೊಳವೆ ಒಂದೇ. ಕಿಟಕಿಯ ಗಾಜಿಗೆ ಹಿಮ ಕಟ್ಟಿದರೆ ಏನು ಮಾಡಬೇಕೆಂದು ಒಂದು ಅಧ್ಯಾಯವನ್ನೇ ಬರೆದಿದ್ದಾಳೆ. ನಮ್ಮ ಕಿಟಕಿಗೆ ಗಾಜೇ ಇಲ್ಲ. ಚಳಿಗಾಲದಲ್ಲಿ ಇವು 'ಡಾರ್ಮಂಟ್' ಇರುತ್ತವಂತೆ. ಇಂಟರ್ ಕ್ಲಾಸಿನಲ್ಲಿ ಈ ಶಬ್ದ ಬಂದಿತ್ತು, ಜ್ವಾಲಾಮುಖಿಗೋ ಒಂದು ಕಾಯಿದೆಗೋ ಅನ್ವಯಿಸಿ. ಸತ್ತಿಲ್ಲ, ಕೆಲಸವನ್ನೂ ಮಾಡುತ್ತಿಲ್ಲ ಎಂದು ಅರ್ಥ ಮಾಡಿಕೊಂಡೆ, ನನ್ನ ಕಾಲದ ಹೆಡ್‌ಕ್ಲಾರ್ಕರ ಹಾಗೆ. ಆದರೆ ಒಂದು ವಾಕ್ಯಕ್ಕೆ ಮಾತ್ರ ಆ ಹೆಂಗಸಿಗೆ ಕೈಮುಗಿದೆ: ಇವು ನೀರಿಲ್ಲದೆ ಸಾಯುವುದು ಕಡಿಮೆ, ಪ್ರೀತಿಯಿಂದ ನೀರು ಹೊಯ್ದು ಕೊಂದದ್ದೇ ಹೆಚ್ಚು ಎಂದಿದ್ದಾಳೆ. ಪ್ರೀತಿಯೂ ಇಲ್ಲದೆ ನೀರು ಹೊಯ್ಯುವವರು ಇರುತ್ತಾರೆಂದು ಪಾಪ ಆಕೆಗೆ ಹೊಳೆದಿರಲಿಕ್ಕಿಲ್ಲ.

ಇನ್ನು ಕತ್ತೆಯ ವಿಷಯ. ನನ್ನ ಅಕ್ಕ, ನಿನ್ನ ಅತ್ತೆ ಕಾಶೀಬಾಯಿ, ಎಂದಿನಂತೆ ಧನುರ್ಮಾಸಕ್ಕೆ ಹುಬ್ಬಳ್ಳಿಯಿಂದ ಬಂದಳು. ಬಂದವಳು ಬೆನ್ನಿಗೇ ತನ್ನ ಭಾವನ ಮಗ ಪಂಢರಿನಾಥನನ್ನು ವಿಜಾಪುರದಿಂದ ಕರೆಸಿಕೊಂಡಳು. ವಕೀಲ, ಇಲ್ಲಿಯ ಕೋರ್ಟಿನಲ್ಲಿ ಏನೋ ಕೆಲಸವಿದೆಯೆಂದು ನೆಪ. ನಿಜವಾದ ಕೆಲಸ ಏನೆಂದು ನಿನಗೂ ಗೊತ್ತು: ಮಾಘದಲ್ಲಿ ಮುಹೂರ್ತ ಹಿಡಿದು, ನಿನ್ನನ್ನು ಕಾಲೇಜು ಬಿಡಿಸಿ ತಂದು, ಅವನ ಮಗ್ಗುಲಿಗೆ ನಿಲ್ಲಿಸುವುದು. ನಿನ್ನ ಬಿ.ಎಸ್‌ಸಿ. ಪರೀಕ್ಷೆ ಮಾರ್ಚಿನಲ್ಲಿ. "ಮಾಘ ಮೊದಲ ಬರ್ತದಲ್ಲೋ" ಎಂದು ನಿನ್ನ ಅತ್ತೆಯ ವಾದ, ಪಂಚಾಂಗವನ್ನೇ ಸಾಕ್ಷಿಗೆ ಕರೆದಂತೆ. ನಾನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಸಂಕ್ರಾಂತಿಗೆ ಹೇಳುತ್ತೇನೆ ಎಂದೆ. ನಿನಗೆ ಬರೆದು ಕೇಳಿದರೆ ನೀನು ಪುಟಗಟ್ಟಲೆ ಕುಂಡಗಳ ಬಗ್ಗೆ ಬರೆದು, ತುದಿಗೆ 'ಅತ್ತೆ ಹೇಳಿದ ವಿಷಯದಲ್ಲಿ ನೀವು ಮಾಡಿದ್ದೇ ಸರಿ' ಎಂದು ಒಂದು ಸಾಲು ಗೀಚಿದೆ. ಇಂಥ ವಿಧೇಯತೆ ನನಗೆ ಸೇರುವುದಿಲ್ಲ. ಕಳ್ಳಿಗೆ ಯಾವ ಹೊತ್ತಿನ ಬಿಸಿಲು ಬೇಕೆಂದು ಇಷ್ಟುದ್ದ ಹೇಳಬಲ್ಲವಳಿಗೆ, ತನಗೆ ಏನು ಬೇಕೆಂದು ಹೇಳಲು ಬಾಯಿಲ್ಲವೇ? ಆದರೂ ಪುಟಗಳನ್ನೂ ಆ ಒಂದು ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಇಂಟರ್ ಫೇಲಾದವನಿಗೂ ಅಷ್ಟು ಓದಲು ಬರುತ್ತದೆ.

ಮೊದಮೊದಲು ಹುಡುಗ ಅಡ್ಡಿಯಿಲ್ಲ ಎನ್ನಿಸಿದ್ದು ಸುಳ್ಳಲ್ಲ. ಎತ್ತರದ ಆಳು, ಮಾತಿಗೊಮ್ಮೆ 'ಆಫ್‌ಕೋರ್ಸ್'. ಚಳಿಗೆ ಮಾತ್ರ ಮಹಾ ಹೆದರುಪುಕ್ಕ. ಮಫ್ಲರ್ ತೆಗೆದು ಅವನ ಕೊರಳು ಕಂಡವರು ಈ ಮನೆಯಲ್ಲಿ ಯಾರೂ ಇಲ್ಲ. ನಿನ್ನ ಅತ್ತೆ ಬೆಳಗಾಗುವುದರೊಳಗೆ ಎದ್ದು ಮಾಡಿದ ಹುಗ್ಗಿಗೆ ತುಪ್ಪದ ಬಾವಿ ತೋಡಿಕೊಂಡು ಉಣ್ಣುತ್ತಿದ್ದ. ಕಿಟಕಿಯ ಕುಂಡಗಳನ್ನು ಕಂಡು 'ಮೋಸ್ಟ್ ಇಂಟರೆಸ್ಟಿಂಗ್' ಎಂದ. ಆಮೇಲೆ, "ಹವ್ಯಾಸ ಛಲೋ ಅದರಿ ಕಾಕಾ. ಮದಿವಿ ಆದಮ್ಯಾಲೂ ಅವ್ರು ಒಂದೆರಡು ಕುಂಡ ಇಟ್ಕೊಳ್ಳಲಿ, ನಂದೇನು ಅಡ್ಡಿ ಇಲ್ಲ" ಎಂದು ಅಪ್ಪಣೆ ಕೊಡಿಸಿದ. ಪರೀಕ್ಷೆಯ ಮಾತು ತೆಗೆದರೆ, "ಪಾಸಾಗಿ ಏನ್ ಮಾಡೋರಿದ್ದಾರ್ರಿ? ಫೇಲಾದ್ರ ಅಪಮಾನ. ಕೂಡದಿದ್ರ ಎರಡೂ ಇಲ್ಲ" ಎಂದ. ಕೋರ್ಟಿನಲ್ಲಿ ಇಂಥ ವಾದ ಗೆಲ್ಲುತ್ತದೆಯೋ ಏನೋ. ನಮ್ಮ ಸ್ಕಾಟ್ಲಂಡಿನ ಪ್ರೊಫೆಸರು ಇಂಥ ಮುಖದವರಿಗೆ ಒಂದು ಶಬ್ದ ಬಳಸುತ್ತಿದ್ದರು. ಎಸ್‌ನಿಂದ ಶುರುವಾಗುತ್ತದೆ, ಗಿಡ್ಡ ಶಬ್ದ, ತುಪ್ಪ ಉಂಡ ಬೆಕ್ಕು ಎಂಬಂಥ ಅರ್ಥ. ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ.

ಅವನು ಬಂದು ವಾರ ಕಳೆಯುವುದರೊಳಗೆ ನಿನ್ನ ತಾವರೆಯ ಕೆಳಗಿನ ಎಲೆಗಳು ನೀರು ತುಂಬಿದ ಬೊಕ್ಕೆಯಂತಾದವು. ಮುಟ್ಟಿದರೆ ಕಳಚಿ ಕೈಗೆ ಬಂದವು. ಬಿಳಿಕೂದಲ ಮುದುಕನ ಬುಡ ಕಂದಿ, ಬೆರಳಿಟ್ಟರೆ ಕಳಿತ ಬಾಳೆಹಣ್ಣು. ಮಣ್ಣು ಒದ್ದೆ! ನಾನು ನೀರು ತೋರಿಸಿರಲಿಲ್ಲ. ನಿನ್ನೆ ನಿನಗೆ ಬರೆದದ್ದು ಇಷ್ಟೇ. ಡಬ್ಬಿಗೆ ಕಾಗದ ಹಾಕಿ ಮನೆಗೆ ಬಂದರೆ ಪಡಸಾಲೆಯಲ್ಲಿ ಪಂಚಾಯತಿ ಕೂಡಿತ್ತು. ನಿನ್ನ ಅತ್ತೆ ಸಾವಕ್ಕನನ್ನು ನಿಲ್ಲಿಸಿಕೊಂಡು, "ಕೊಡಾ ಹೊತ್ತು ಒಳಗ ಬರೂಮುಂದ ನೀನ ಚೆಲ್ಲೀದಿ. ಮತ್ಯಾರದಾರ ಮನ್ಯಾಗ ನೀರು ಹೊರವ್ರು?" ಎನ್ನುತ್ತಿದ್ದಳು. ಸಾವಕ್ಕ ಬಿಡುವವಳೇ? "ನನಗ ಹಂಡೇ ತುಂಬ್ಸೂದ ಸಾಕಾಗೇತ್ರೀ ಅವ್ವಾರ. ಕಳ್ಳಿಗೆ ನೀರು ಹಾಕೂವಂಥ ಹುಚ್ಚಿ ನಮ್ಮ ಓಣ್ಯಾಗ ಇನ್ನಾ ಹುಟ್ಟಿಲ್ಲ" ಎಂದಳು. ತೂಗುಮಣೆಯ ಮೇಲೆ ಕೂತು ಪೇಪರು ಓದುತ್ತಿದ್ದ ಪಂಢರಿನಾಥ ಮುಖ ಎತ್ತದೆಯೇ, "ಹೋಗ್ಲಿ ಬಿಡ್ರಿ ಕಾಕೂ, ತಿಳೀದ ಮಂದಿ" ಎಂದು ದೊಡ್ಡ ಮನಸ್ಸು ಮಾಡಿದ. ಸಾವಕ್ಕ ಕೊಡವನ್ನು ಅಲ್ಲಿಯೇ ಕುಕ್ಕಿ ಹೋದಳು.

ಇವತ್ತು ಮುಂಜಾನೆ ನಾನು ಎಂದಿನಂತೆ ಸ್ಟೇಷನ್ನಿನ ಕಡೆ ತಿರುಗಾಡಲು ಹೊರಟವನು, ಮಂಜು ಕಣ್ಣಿಗೆ ಅಡ್ಡವಾಗಿ, ಮೂಲೆಯಿಂದಲೇ ತಿರುಗಿ ಬಂದೆ. ಪಡಸಾಲೆಯಲ್ಲಿ ಪಂಢರಿನಾಥ ಸಂಧ್ಯಾವಂದನೆಗೆ ಕೂತಿದ್ದ, ನಿನ್ನ ಕಿಟಕಿಯ ಕೆಳಗೇ, ಬೆಚ್ಚಗೆ. ಅರ್ಘ್ಯ ಬಿಟ್ಟಾಯಿತು, ಜಪವಾಯಿತು. ಎದ್ದವನು ನೀರಿದ್ದ ತಾಮ್ರದ ತಟ್ಟೆಯನ್ನು ಎತ್ತಿ, ನಿಂತಲ್ಲಿಂದ ಒಂದು ಹೆಜ್ಜೆಯನ್ನೂ ಕೀಳದೆ, ಪಂಕ್ತಿಗೆ ತೀರ್ಥ ಕೊಟ್ಟಂತೆ ಒಂದೊಂದು ಕುಂಡಕ್ಕೂ ತುಸುತುಸು ಬಗ್ಗಿಸಿದ. ಮುಗಿಸಿ ತಟ್ಟೆಯನ್ನು ಬಿಳಿಕೂದಲ ಮುದುಕನ ಮೇಲೆ ಎರಡು ಸಲ ಕೊಡವಿದ. ಆ ನೀರು ಕಾಲ್ತುಳಿತಕ್ಕೆ ಸಿಗಬಾರದು, ಗಿಡದ ಬುಡಕ್ಕೆ ಸೇರಬೇಕು ಎಂಬುದು ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಹಿತ್ತಲಲ್ಲಿ ತುಳಸಿಯಿದೆ, ಪಾರಿಜಾತವಿದೆ, ಬಾಳೆಯಿದೆ. ಆದರೆ ಹಿತ್ತಲಿಗೆ ಹೋದರೆ ಇಬ್ಬನಿಯಲ್ಲಿ ಕಾಲಿಡಬೇಕು. ಪುಣ್ಯವೂ ಬೇಕು, ಅಂಗಾಲೂ ತಣ್ಣಗಾಗಬಾರದು. ಹೀಗಾಗಿ ಇಲ್ಲಿಯವರೆಗೆ ಸೂರ್ಯನಿಗೆ ಅರ್ಘ್ಯ ಕೊಟ್ಟದ್ದೆಲ್ಲ, ಬೆಳಗೂ ಬೈಗೂ, ಕಳ್ಳಿಯ ಗಂಟಲಿಗೆ ಇಳಿದಿದೆ. ಬಗ್ಗಿ ನೋಡಿದರೆ ಮೇಲಿನ ಉಸುಕಿನಡಿ ಅಕ್ಷತೆಯ ಕಾಳುಗಳೂ ಸಿಕ್ಕವು.

"ದಿನಾ ಇಲ್ಲೇ ಹಾಕತಿದ್ದೇನೋ ಪಂಢರಿ?" ಎಂದೆ. "ಹೌದಲ್ರಿ ಕಾಕಾ. ಪವಿತ್ರ ನೀರು. ಗಿಡ ಅಂದ್ರ ಗಿಡಾನ, ಯಾವ್ದಾದ್ರೇನು?" ಎಂದ. ಇಲ್ಲಿಯವರೆಗೆ ನನಗೆ ಸಿಟ್ಟು ಬಂದಿರಲಿಲ್ಲ. ದಡ್ಡತನಕ್ಕೆ ಯಾರು ಸಿಟ್ಟಾಗುತ್ತಾರೆ? "ಹಂಗಾರ ನಿನ್ನಿ ಸಾವಕ್ಕನ್ನ ಬೈಯೂಮುಂದ ಬಾಯಿ ಮುಚ್ಚಿಕೊಂಡು ಕುಂತಿದ್ದ್ಯಲ್ಲೋ?" ಎಂದು ಕೇಳಿದೆ. ನಕ್ಕ ಗೋದಾ. ಮಫ್ಲರ್ ಸರಿಪಡಿಸಿಕೊಳ್ಳುತ್ತ ನಕ್ಕ. "ಅಕೀದೇನ್ರಿ ಕಾಕಾ, ಬೈಸಿಕೊಂಡು ರೂಢಿ ಆದ ಮಂದಿ. ನಾ ಅಂತ ಹೇಳಿದ್ರ ಸುಮ್ನ ಕಾಕೂಗ ಮುಜುಗರ" ಎಂದ. ಆಫ್‌ಕೋರ್ಸ್.

ಅಲ್ಲಿಗೆ ನನ್ನ ಸಂಕ್ರಾಂತಿ ಮುಗಿಯಿತು. ಗಿಡ ಕೊಂದದ್ದನ್ನು ಮರೆತೇನು. ತಾನು ಮಾಡಿದ ತಪ್ಪನ್ನು ಇನ್ನೊಬ್ಬರ ತಲೆಗೆ ಏರಿಸಿ, ಮೇಲೆ ತಾನೇ ಕ್ಷಮಿಸಿದನಲ್ಲ, ಅದು ನನಗೆ ಜೀರ್ಣವಾಗಲಿಲ್ಲ. ಅಂಥವನ ಮನೆಯಲ್ಲಿ ಹಾಲು ಉಕ್ಕಿದರೂ, ಖಟ್ಲೆ ಸೋತರೂ, ಮಗುವಿಗೆ ಜ್ವರ ಬಂದರೂ ತಪ್ಪು ಯಾರದೆಂದು ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ಹೊರುವುದಕ್ಕೆ ಒಬ್ಬಳು ಬೇಕು. ಆ ರೂಢಿ ನಿನಗೆ ಆಗುವುದು ಬೇಡ. ಹಾಗೆಂದು ನಿನ್ನ ಅತ್ತೆಗೆ ಅವನ ಎದುರಿಗೇ ಹೇಳಿದೆ. ಆಕೆ ತಲೆಯ ಮೇಲೆ ಕೈಹೊತ್ತು ಕೂತಳು. "ನಾಕು ಕಳ್ಳಿ ಕೊಳತಾವಂತ ವಕೀಲ ವರನ್ನ ಬಿಡ್ತೀಯೇನೋ ತ್ರ್ಯಂಬಕಾ? ಮಂದೀಗೆ ಏನಂತ ಹೇಳ್ಲೋ? ಮುಳ್ಳಿನ ಗಿಡ ಮನ್ಯಾಗ ಇಟ್ರ ಮದಿವಿ ಮುರೀತಾವ ಅಂತ ಬಡಕೊಂಡೆ, ಆತಿಲ್ಲೋ ಈಗ?" ಎಂದಳು. "ಹಂಗಿದ್ರ ಭಾಳ ಉಪಯೋಗದ ಗಿಡ, ಇನ್ನೂ ನಾಕು ತರಸ್ತೇನಿ" ಎಂದೆ. ಪಂಢರಿನಾಥ, "ಕಾಕಾಗ ವಯಸ್ಸಾತು ಕಾಕೂ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ನನ್ನನ್ನೂ ಕ್ಷಮಿಸಿದ. ಗಂಟು ಕಟ್ಟುವಾಗ ನಿನ್ನ ಅತ್ತೆ ಕಣ್ಣು ಒರೆಸಿಕೊಂಡು, "ಹುಡಿಗಿ ನನಗೂ ಮಗಳ. ತಾಯಿಲ್ಲದ ಕೂಸು. ಪರೀಕ್ಷಾ ಅಂತ ಕುಂತು ವಯಸ್ಸು ಮೀರಿದ್ರ ನೀ ವರಾ ಹುಡುಕ್ತೀಯೇನು? ಅಕೀನ್ನ ಹೆಂಗ ಕರಸಬೇಕು ನನಗ ಗೊತ್ತದ" ಎಂದಳು. ಕೆಟ್ಟವಳಲ್ಲ ಕಾಶಕ್ಕ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ನಂಬಿಕೆ ಇರುವವರನ್ನು ತಡೆಯುವುದೇ ಕಷ್ಟ. ಇಬ್ಬರೂ ಮಧ್ಯಾಹ್ನದ ಗಾಡಿಗೆ ಹುಬ್ಬಳ್ಳಿಗೆ ಹೋದರು. ಟಾಂಗಾ ಹತ್ತುವಾಗಲೂ ಮಫ್ಲರ್ ಇತ್ತು.

ಅವರು ಹೋದ ಮೇಲೆ ಸಾವಕ್ಕನ ಓಣಿಗೆ ಹೋದೆ. ನಡೆದದ್ದನ್ನು ಹೇಳಿದರೆ, ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ಅಯ್ಯ ಶಿವನ! ಸಂಧ್ಯಾ ಮಾಡೂದು ಸೂರ್ಯಾಗೋ ಕಳ್ಳಿಗೋ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಂವಾ ಹೋದ, ಅವ್ವಾರೂ ಹೋದ್ರು. ಬೈದವ್ರು ಒಬ್ರೂ ಉಳೀಲಿಲ್ಲ, ನೀವು ಬಂದೀರಿ. ಇರ್ಲಿ. ಇವತ್ತ ಸಿಟ್ಟಿನ್ಯಾಗ ಅದೀನಿ, ನಾಳಿ ಬರ್ತೀನಿ" ಎಂದಳು. ಸರಿ ಎಂದು ಬಂದೆ. ಇಂದಿನ ನೀರು ನಾನೇ ಸೇದಿದೆ.

ಈಗ ನಿನ್ನ ಆಸ್ಪತ್ರೆಯ ವರದಿ. ಮುಳ್ಳು ಬದನೆಕಾಯಿಗೆ ಏನೂ ಆಗಿಲ್ಲ. ಅಂಥವು ಸಾಯುವುದೂ ಇಲ್ಲ. ಲೋಳಸರವನ್ನು ಕುಂಡದಿಂದ ಕಿತ್ತು, ಕೊಳೆತ ಬೇರು ಬಿಡಿಸಿ, ತಲೆಕೆಳಗಾಗಿ ತೊಲೆಗೆ ಕಟ್ಟಿದ್ದೇನೆ. ದೃಷ್ಟಿಗೆಂದು ಬಾಗಿಲ ಮೇಲೆ ಕಟ್ಟಿದ ಲೋಳಸರ ವರುಷಗಟ್ಟಲೆ ಮಣ್ಣು ನೀರು ಕಾಣದೆ ಬದುಕುವುದನ್ನು ನೋಡಿದ್ದೇವಲ್ಲ, ಪುಸ್ತಕದ ಹೆಂಗಸಿಗೆ ಇದು ಗೊತ್ತಿಲ್ಲ. ತಾವರೆಯನ್ನೂ ಮುದುಕನನ್ನೂ ನನ್ನ ಹಜಾಮತಿಯ ಕತ್ತಿಯನ್ನು ಕೆಂಡಕ್ಕೆ ಹಿಡಿದು ಕೊಯ್ದೆ, ಒಳಗೆ ಕಂದು ಬಣ್ಣದ ಉಂಗುರ ಹೋಗಿ ಅಚ್ಚ ಹಸಿರು ಕಾಣುವವರೆಗೆ. ಕೊಯ್ದ ಮುಖಕ್ಕೆ ಇದ್ದಲಿಪುಡಿ ಹಚ್ಚಿ ಮೊರದಲ್ಲಿ ಒಣಗಲು ಇಟ್ಟಿದ್ದೇನೆ. ಗಾಯ ಒಣಗಿ ಗಡುಸಾದ ಮೇಲೆ ಬರಿ ಉಸುಕಿನಲ್ಲಿ ನಿಲ್ಲಿಸುತ್ತೇನೆ, ನೀರಿಲ್ಲದೆ. ಮುದುಕನ ವಿಷಯ ಖಾತ್ರಿ ಕೊಡಲಾರೆ. ತಾವರೆ ಬಹುಶಃ ಉಳಿದೀತು. ಉಳಿದರೂ ನನಗೇನು, ನೋಡಿದರೆ ಮಾತಾಡಿಸುತ್ತದೆಯೇ? ಕಳಚಿದ ಎಲೆಗಳಲ್ಲಿ ಗಟ್ಟಿಯಾಗಿದ್ದವನ್ನು ಎಸೆಯಬೇಡಿರಿ ಎಂದಿದ್ದೆಯಲ್ಲ, ಅವನ್ನು ಎಲ್ಲಿ ಇಡಬೇಕು, ಉಸುಕಿನ ಮೇಲೋ ಒಳಗೋ, ಬುಡ ಯಾವ ಕಡೆಗೆ, ನಿನ್ನ ಕಾಗದದ ಆ ಪುಟ ತೆಗೆದು ನೋಡುತ್ತಿದ್ದೇನೆ, ಅಕ್ಷರ ಕೂಡಿಕೊಳ್ಳುತ್ತಿವೆ. ಅರೆ, ಬೆಳಕೇ ಹೋಗಿಬಿಟ್ಟಿತು. ಕಿಟಕಿ ಮುಚ್ಚಬೇಕು, ಇಬ್ಬನಿ ಇಳಿಯುವ ಹೊತ್ತು. ನಿಲ್ಲಿಸುತ್ತೇನೆ.

ದೇವರು ನಿನಗೆ ಆಯುಷ್ಯ ಕೊಡಲಿ, ವಿದ್ಯೆ ಕೊಡಲಿ, ಬೇಡವಾದದ್ದನ್ನು ಬೇಡ ಎನ್ನುವ ಬಾಯನ್ನೂ ಕೊಡಲಿ.

ನಿನ್ನ ಅಪ್ಪ,
ತ್ರ್ಯಂಬಕ

ತಾ.ಕ.: ರಾತ್ರಿಯ ಮೇಲ್‌ಗೆ ಈ ಕಾಗದ ಸೇರಬೇಕು, ಸ್ಟೇಷನ್ನಿಗೆ ಓಡುತ್ತಿದ್ದೇನೆ. ಮುಖ್ಯ ಮಾತು ಇದು. ಹುಬ್ಬಳ್ಳಿಯಿಂದ ನಿನಗೆ ಒಂದು ತಾರು ಬರಬಹುದು, 'ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ' ಎಂದು. ಹೊರಡಬೇಡ. ಅಪ್ಪ ಹೋದನೆಂದು ಅಳುತ್ತ ಗಾಡಿ ಇಳಿದ ಹುಡುಗಿಗೆ ಅರಿಷಿಣ ಹಚ್ಚಿ ಕೂಡಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಕರೆಯಲು ಆಳು ಬಂದರೂ, ಕಾಶಕ್ಕನೇ ಬಂದು ಅತ್ತರೂ ಹೊರಡಬೇಡ. ಹಾಸ್ಟೆಲಿನ ಬಾಯಿಯವರಿಗೂ ಈ ಸಾಲು ಓದಿ ಹೇಳು. ನಾನು ಗಟ್ಟಿಯಾಗಿದ್ದೇನೆ. ಮಾರ್ಚಿನ ಕೊನೆಯ ಪೇಪರು ಬರೆದು ಆಮೇಲೆ ಬಾ. ತಾರಿನ ಸುದ್ದಿ ಖರೆಯೇ ಆಗಿದ್ದರೂ, ಬರೆದೇ ಬಾ.